ನೀರು ಊರಿಗೆ ಹೋದಾಗ

ಆಯಿಯ ಎಡಗಿವಿಯ ಹಾಲೆ ನಡುವೆ ಸೀಳಿ ಎರಡು ಹೋಳಾಗಿತ್ತು. ಮದುವೆಯಲ್ಲಿ ಹಾಕಿದ್ದ ಭಾರದ ಬೆಂಡವಾಲಿ ಅದನ್ನು ವರ್ಷಗಟ್ಟಲೆ ಕೆಳಕ್ಕೆಳೆದು, ಕೊನೆಗೊಂದು ದಿನ ಹರಿದುಕೊಂಡು ಕೆರೆಯ ನೀರಿಗೆ ಬಿತ್ತಂತೆ. ಬೆಂಡವಾಲಿ ಸಿಗಲಿಲ್ಲ, ಕಿವಿ ಕೂಡಲಿಲ್ಲ. ಆ ಎರಡು ಹೋಳುಗಳನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿ ಹಿಡಿದು ಒಂದು ಮಾಡುವ ಅಭ್ಯಾಸ ಆಕೆಗಿತ್ತು. ಸುಳ್ಳು ಹೇಳುವಾಗ ಮಾತ್ರ ಹಾಗೆ ಮಾಡುತ್ತಿದ್ದಳು. ಇದನ್ನು ಕಂಡುಹಿಡಿಯಲು ನನಗೆ ಎಂಟು ತಿಂಗಳು ಹಿಡಿಯಿತು. ಮಮದಾಪುರದ ಕೂಸುಗಳಿಗೆ ಅದು ಹುಟ್ಟಿನಿಂದಲೇ ಗೊತ್ತಿತ್ತು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ವಿಜಾಪುರದ ಕಾಲೇಜಿನಿಂದ ಪದವಿಯನ್ನೂ, ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಮೂರು ಬೆಳ್ಳಿಯ ಕಪ್ಪುಗಳನ್ನೂ ಪಡೆದು, ಮನೆಯವರು ಬೇಡವೆಂದರೂ ಕೇಳದೆ, ಗ್ರಾಮಸೇವಕನಾಗಿ ಮಮದಾಪುರಕ್ಕೆ ಬಂದೆ. ಹಳ್ಳಿಯಿಂದ ಮೂರು ಅನಿಷ್ಟಗಳನ್ನು ನಿರ್ಮೂಲ ಮಾಡುವ ಸಂಕಲ್ಪ ನನ್ನದಾಗಿತ್ತು: ಅನಕ್ಷರತೆ, ಅಸ್ವಚ್ಛತೆ ಮತ್ತು ಅಸತ್ಯ. ಮೊದಲೆರಡು ಊರ ತುಂಬ ಹರಡಿಕೊಂಡಿದ್ದವು. ಮೂರನೆಯದು ಕೆರೆಯ ದಂಡೆಯ ಮೇಲೆ ಒಂದೇ ಕಡೆ ಸಿಕ್ಕಿತಾದ್ದರಿಂದ ಅಲ್ಲಿಂದಲೇ ಆರಂಭಿಸುವುದು ಉಚಿತವೆಂದು ತೋರಿತು.

ಆ ಅಸತ್ಯದ ಮನೆಯ ಪಡಸಾಲೆಯಲ್ಲಿಯೇ ನನ್ನ ವಾಸ. ಆಯಿ ವಿಧವೆ, ಒಬ್ಬಂಟಿ. ಅರವತ್ತು ದಾಟಿದ್ದಳು. ಮೊದಲ ದಿನ ನಾನು ‘ನೀವು’ ಎಂದು ಮಾತನಾಡಿಸಿದ್ದಕ್ಕೆ, ‘ನಾ ಏನು ಕಚೇರಿ ಅದೇನಿ ಏನೋ, ನೀವು ಅನ್ನಾಕ?’ ಎಂದು ಗದರಿದಳು. ಟ್ರಂಕಿನಿಂದ ತೆಗೆದು ಗೂಡಿನಲ್ಲಿಟ್ಟ ಕಪ್ಪುಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ನೋಡಿದಳು.

‘ಇವನ್ನ ಯಾಕ ಕೊಟ್ಟಾರ?’

‘ಮಾತಾಡಿದ್ದಕ್ಕ, ಆಯಿ.’

‘ಮೂರು ಸಲ ಕೊಟ್ಟಾರಂದ್ರ, ಸಾಕು ಮಾಡು ಅಂತ ಕೊಟ್ಟಿರಬೇಕು,’ ಎಂದು ತಿರುಗಿ ಗೂಡಿನಲ್ಲಿಟ್ಟಳು.

ಮಮದಾಪುರದ ದೊಡ್ಡ ಕೆರೆ ವಿಜಾಪುರದ ಬಾದಶಹರ ಕಾಲದ್ದು. ಅದರ ನಡುವೆ ಒಂದು ದಿಬ್ಬವಿತ್ತು. ದಿಬ್ಬದ ಮೇಲೆ ಒಂದು ಬೇವಿನ ಮರ, ಮೊಣಕಾಲೆತ್ತರದ ಮುರುಕು ಗೋಡೆ, ಹೂಬಳ್ಳಿ ಕೆತ್ತಿದ ಒಂದು ಕಲ್ಲು. ಇಷ್ಟೇ. ಊರ ಜನ ಅದನ್ನು ನಡುಗಡ್ಡಿ ಎನ್ನುತ್ತಿದ್ದರು. ಆಯಿ ಮಾತ್ರ ಅದನ್ನು ‘ನಡುಗಡ್ಡಿ ಪ್ಯಾಟಿ’ ಎನ್ನುತ್ತಿದ್ದಳು. ಕೆರೆ ತುಂಬಿದ ತಿಂಗಳುಗಳಲ್ಲಿ ಹಳೆಯ ಮಸೀದಿಗೆ ಬಂದವರು, ಬೀಗರ ಮನೆಗೆ ಬಂದವರು, ಹೀಗೆ ಯಾರೇ ಸಿಕ್ಕರೂ ಅವರನ್ನು ಅಲ್ಲಿಗೆ ಕರೆದೊಯ್ದು ಬಾದಶಹರ ಪಟ್ಟಣವನ್ನು ತೋರಿಸುವುದು ಆಕೆಯ ಕಾಯಕ. ಪ್ರತಿಫಲ ಕೇಳುತ್ತಿರಲಿಲ್ಲ. ಆಕೆಗೆ ಕಿವಿಗಳಷ್ಟೇ ಬೇಕಾಗಿದ್ದವು.

ದೋಣಿಯೆಂದರೆ ಬೆಲ್ಲದ ಕೊಪ್ಪರಿಗೆ. ಚಳಿಗಾಲದಲ್ಲಿ ಗಂಡನ ಕಾಲದ ಆ ಅಗಲವಾದ ಕಬ್ಬಿಣದ ಪಾತ್ರೆಯಲ್ಲಿ ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡುತ್ತಿದ್ದರು. ಮಳೆಗಾಲದಲ್ಲಿ ಅದೇ ಪಾತ್ರೆಯಲ್ಲಿ ಪ್ರವಾಸಿಗರನ್ನು ಕೂರಿಸಿ, ಬಿದಿರಿನ ಗಳ ಹಿಡಿದು ಆಯಿ ನಡೆಸುತ್ತಿದ್ದಳು. ದುಂಡಗಿನ ಪಾತ್ರೆ ನೆಟ್ಟಗೆ ಸಾಗುವುದುಂಟೇ? ಗಿರಗಿರನೆ ತಿರುಗುತ್ತ ಸಾಗುತ್ತಿತ್ತು. ಯಾರಾದರೂ ಗಾಬರಿಯಾದರೆ, ‘ಬ್ಯಾರೆ ಕಡೆ ಒಂದs ದಿಕ್ಕು ತೋರಸ್ತಾರ. ನಾ ನಾಕೂ ತೋರಸ್ತೇನಿ. ಸುಮ್ಮನ ಕುಂದರ್ರಿ,’ ಎನ್ನುತ್ತಿದ್ದಳು. ನನ್ನ ಮೊದಲ ಪಯಣದಲ್ಲಿ ಇಸ್ತ್ರಿ ಮಾಡಿದ ಖಾದಿ ಧೋತರ ತಳದ ಹಳೆಯ ಬೆಲ್ಲಕ್ಕೆ ಅಂಟಿಕೊಂಡಿತು. ಅಂದು ಸಂಜೆ ಅಕ್ಷರದ ಮಹತ್ವ ಕುರಿತು ನಾನು ಮಾಡಿದ ಭಾಷಣವನ್ನು ಜನರಿಗಿಂತ ಹೆಚ್ಚಾಗಿ ಇರುವೆಗಳು ಮೆಚ್ಚಿಕೊಂಡವು.

ನನ್ನನ್ನು ನಿಜವಾಗಿ ಕಾಡಿದ್ದು ಆಕೆಯ ಇತಿಹಾಸ. ಮಸೀದಿಗೆ ಬಂದ ಮುಸಲ್ಮಾನ ಕುಟುಂಬಕ್ಕೆ ಅದು ಬೇಗಮರು ಬೇಸಿಗೆ ಕಳೆಯಲು ಬರುತ್ತಿದ್ದ ಊರು. ಘಟ್ಟಿ ಬಳೆ ಹಾಕಿದ ಹೆಂಗಸರಿಗೆ ಅದು ಬಳೆಗಾರರ ಓಣಿ. ರೈತರು ಬಂದರೆ ಎತ್ತಿನ ಸಂತೆ. ಒಂದು ದಿನ ತಡೆಯಲಾರದೆ ಕೇಳಿದೆ:

‘ಆಯಿ, ನಿನ್ನೆ ಬೇಗಮರ ಊರು ಅಂದಿ. ಇವತ್ತು ಎತ್ತಿನ ಸಂತಿ ಅಂತಿ. ಯಾವುದು ಖರೇ?’

‘ಊರಂದ ಮ್ಯಾಲ ಎಲ್ಲಾ ಇರತಾವ. ನಿಮ್ಮ ವಿಜಾಪುರದಾಗ ಬರೇ ಗುಮ್ಮಟ ಐತೇನು?’ ಎಂದಳು. ಕೈ ಕಿವಿಯ ಮೇಲಿತ್ತು.

ತರ್ಕಕ್ಕೆ ಪ್ರಮಾಣ ಬೇಕೆಂದು ನಾನು ಮಾರನೆಯ ದಿನ ದಿಬ್ಬವನ್ನು ಅಳೆದೆ. ಉದ್ದ ನಲವತ್ತು ಹೆಜ್ಜೆ, ಅಗಲ ಮೂವತ್ತು. ಇಷ್ಟರೊಳಗೆ ಅರಮನೆ, ಬಳೆಗಾರರ ಓಣಿ, ಎತ್ತಿನ ಸಂತೆ ಹೇಗೆ ಹಿಡಿಸಿದವೆಂದು ಕೇಳಿದೆ. ಆಯಿ ಬಹಳ ಹೊತ್ತು ಯೋಚಿಸಿದಳು. ನನ್ನ ಪಕ್ಷ ಗೆದ್ದಿತೆಂದುಕೊಂಡೆ.

‘ಆಗಿನ ಮಂದಿ ಸರದು ಕುಂದರತಿದ್ರಪ್ಪ,’ ಎಂದಳು. ‘ನಿಮ್ಮಂಗ ಕೈ ಬೀಸಿ ಮಾತಾಡತಿದ್ದಿಲ್ಲ. ಕೈ ಬೀಸಿದ್ರ ಜಾಗಾ ಭಾಳ ಬೇಕು.’

ಆಕೆಯ ನಗೆಮಾತುಗಳ ಹಿಂದೆ ಒಂದು ಸಂಕಟವಿತ್ತೆಂದು ತಿಳಿದದ್ದು ಅರ್ಜಿಯ ಪ್ರಸಂಗದಲ್ಲಿ. ಆಗ ವಿಜಾಪುರದ ಬಸ್ಸು ಬಬಲೇಶ್ವರಕ್ಕೆ ಬಂದು ಅಲ್ಲಿಂದಲೇ ಹಿಂತಿರುಗುತ್ತಿತ್ತು. ಮಮದಾಪುರದವರು ಮುಂದಿನ ಹಾದಿಯನ್ನು ನಡೆದೋ ಬಂಡಿಯಲ್ಲೋ ಕಳೆಯಬೇಕು. ಆಯಿಯ ಒಬ್ಬಳೇ ಮಗಳನ್ನು ತಿಕೋಟಾದ ಆಚೆ ಘೋಣಸಗಿಗೆ ಕೊಟ್ಟಿತ್ತು. ಮಗಳು ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಬರುವಂತಿರಲಿಲ್ಲ. ಆಯಿಯ ಮಂಡಿ ಕೊಪ್ಪರಿಗೆಯ ಗಳ ಊರಲು ಸಾಕಾಗುತ್ತಿತ್ತೇ ಹೊರತು ನಡೆಯಲು ಸಾಲುತ್ತಿರಲಿಲ್ಲ. ಒಮ್ಮೆ ಬಂಡಿಯಲ್ಲಿ ಹೊರಟು, ಕುಲುಕಾಟಕ್ಕೆ ಸೊಂಟ ಹಿಡಿದು, ಅರ್ಧ ದಾರಿಯಿಂದ ಹಿಂದಿರುಗಿ ತಿಂಗಳು ಮಲಗಿದ್ದಳಂತೆ. ‘ಮಗಳ ಮಾರಿ ನೋಡಿ ನಾಕು ವರ್ಷಾತು,’ ಎಂದಳು. ಆಗ ಆಕೆಯ ಎರಡೂ ಕೈಗಳು ರೊಟ್ಟಿಯ ಹಿಟ್ಟಿನಲ್ಲಿದ್ದವು.

ಬಸ್ಸು ಬೇಡಿ ಊರವರು ಎರಡು ಅರ್ಜಿ ಕೊಟ್ಟಿದ್ದರು. ಉತ್ತರ ಬಂದಿರಲಿಲ್ಲ. ಮೂರನೆಯದನ್ನು ಆಯಿ ಶಾಲೆಯ ಮಾಸ್ತರರಿಂದ ಬರೆಸಿದಳು. ಅದರಲ್ಲಿ ‘ಇತಿಹಾಸಪ್ರಸಿದ್ಧ ನಡುಗಡ್ಡೆ ಪಟ್ಟಣ’ ಎಂಬ ಮಾತು ಸೇರಿತ್ತು. ಹದಿನೈದೇ ದಿನದಲ್ಲಿ, ಪ್ರೇಕ್ಷಣೀಯ ಸ್ಥಳಗಳ ವಿವರ ತುಂಬಿ ಕಳುಹಿಸಬೇಕೆಂದು ಒಂದು ನಮೂನೆ ಬಂದಿತು. ತುಂಬುವ ಹೊಣೆ ನನ್ನದು.

‘ಪ್ರವಾಸಿಗರಿಗೆ ವಸತಿ ಏನೈತಿ ಅಂತ ಕೇಳ್ಯಾರ, ಆಯಿ.’

‘ಬೇವಿನ ನೆರಳು ಅಂತ ಬರಿ. ಬಿಸಲು ತಿರುಗಿದಂಗ ಮಂದೀನೂ ಸರೀಬೇಕು, ಅದನ್ನೂ ಬರಿ. ಆಮ್ಯಾಲ ತಕರಾರು ಬ್ಯಾಡ.’

‘ಊಟ?’

‘ಕಟಕ ರೊಟ್ಟಿ, ಮಸರು. ಹಲ್ಲಿದ್ದವರಿಗೆ ರೊಟ್ಟಿ, ಇಲ್ಲದವರಿಗೆ ಮಸರು.’

‘ಜಲವಿಹಾರ?’

‘ಕೊಪ್ಪರಗಿ.’

‘ಮನೋರಂಜನೆ?’

ಆಯಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ‘ನಿನ್ನ ಹೆಸರು ಬರಿ,’ ಎಂದಳು.

ಕೊನೆಯ ಅಂಕಣದಲ್ಲಿ ಐತಿಹಾಸಿಕ ಸಂಗತಿಗಳು ಸತ್ಯವೆಂದು ದೃಢೀಕರಿಸಿ ಸಹಿ ಮಾಡಬೇಕಾಗಿತ್ತು. ಲೇಖನಿ ಅಲ್ಲಿ ನಿಂತಿತು. ಆತ್ಮಸಾಕ್ಷಿಯೊಡನೆ ಬಹಳ ವಾದ ಮಾಡಿ, ‘ನಡುಗಡ್ಡೆ ಉಂಟು, ಪಟ್ಟಣವಿದ್ದುದು ಪರಿಶೀಲನೀಯ’ ಎಂದು ಬರೆದು ಓದಿ ಹೇಳಿದೆ.

‘ಪರಿಶೀಲನೀಯ ಅಂದ್ರ?’

‘ನೋಡಬೇಕು ಅಂತ.’

‘ಹಂಗಾದ್ರ ಛಲೋ ಆತು. ಬಂದು ನೋಡ್ಲಿ.’

ಆ ಒಂದು ಪದಕ್ಕಾಗಿಯೇ ವಿಜಾಪುರದಿಂದ ಒಬ್ಬ ಸಾಹೇಬರು ಬರುವರೆಂದು ಪತ್ರ ಬಂದಿತು. ಅವರು ಆರಿಸಿಕೊಂಡ ದಿನ ಮಾತ್ರ ವೈಶಾಖದ್ದು. ಕೆರೆ ಆಗ ಒಂದು ಮೂಲೆಯಲ್ಲಿ ಎಮ್ಮೆ ಮಲಗುವಷ್ಟು ನೀರುಳಿಸಿಕೊಂಡು ಬತ್ತಿತ್ತು. ಬಿರುಕುಬಿಟ್ಟ ಕರಿ ನೆಲದಲ್ಲಿ ದಿಬ್ಬ ಬರಿಯ ದಿಬ್ಬವಾಗಿ ನಿಂತಿತ್ತು. ಅದರ ಸುತ್ತ ಆಡುಗಳು ಮೇಯುತ್ತಿದ್ದವು. ಅಂದು ಬೆಳಿಗ್ಗೆ ದಂಡೆಯ ಮೇಲೆ ಸೇರಿದ್ದ ಹಿರಿಯರಿಗೆ, ಇಂಥ ಸಮಯದಲ್ಲಿ ಕೂಡ, ನನ್ನ ವಿದ್ಯೆಯ ಉಪಯೋಗವಾಗಲೆಂದು ಹೇಳಿದೆ:

‘ಸುತ್ತ ನೀರಿದ್ದ ನೆಲಕ್ಕ ನಡುಗಡ್ಡೆ ಅಂತಾರ. ನೀರಿಲ್ಲಂದ್ರ ವ್ಯಾಖ್ಯೆ ಪ್ರಕಾರ ಇದು ನಡುಗಡ್ಡೆನೂ ಅಲ್ಲ.’

ಹಿರಿಯರು ತಲೆ ತಗ್ಗಿಸಿದರು. ಆಯಿ ತಗ್ಗಿಸಲಿಲ್ಲ.

‘ಗಂಡ ಊರಿಗೆ ಹೋದ್ರ ಹೇಣ್ತಿ ಹೇಣ್ತಿ ಅಲ್ಲೇನು? ನಡುಗಡ್ಡಿ ಇಲ್ಲೇ ಕುಂತೈತಿ. ನೀರಷ್ಟ ಊರಿಗೆ ಹೋಗ್ಯಾವ. ಮಿರಗಾ ಮಳಿಗೆ ಬರತಾವ.’

ಮೂರು ಕಪ್ಪು ಗೆದ್ದವನು ಈ ಮಾತಿಗೆ ಇಂದಿನವರೆಗೂ ಉತ್ತರ ಹುಡುಕುತ್ತಿದ್ದಾನೆ.

ಜೀಪು ಬಂದಿತು. ಸಾಹೇಬರು ಸಭ್ಯರು, ಸ್ವಲ್ಪ ಸ್ಥೂಲಕಾಯರು. ದಂಡೆಯ ಕೆಳಗೆ ಕೊಪ್ಪರಿಗೆ ಸಿದ್ಧವಾಗಿತ್ತು, ಅದಕ್ಕೆ ಹಗ್ಗ ಬಿಗಿದು ಒಂದು ಜೋಡಿ ಎತ್ತು ಹೂಡಿದ್ದರು.

‘ಇದರಾಗ ಕುಂದರಬೇಕs?’ ಎಂದರು ಸಾಹೇಬರು.

‘ನಡುಗಡ್ಡಿಗೆ ನಡಕೊಂತ ಹೋಗಬಾರದ್ರಿ. ಬಾದಶಾನೂ ನಡದಿಲ್ಲ,’ ಎಂದಳು ಆಯಿ, ಕಿವಿ ಹಿಡಿದುಕೊಂಡು.

ಏನು ಕಾರಣವೋ, ಸಾಹೇಬರು ಕುಳಿತರು. ಎದುರಿಗೆ ಆಯಿ ಕುಳಿತು ಗಳ ಹಿಡಿದಳು. ಎತ್ತುಗಳು ಎಳೆದವು. ಒಣ ಹೆಂಟೆಗಳ ಮೇಲೆ ಕೊಪ್ಪರಿಗೆ ಗುಡುಗುತ್ತ, ಅಲ್ಲಿಯೂ ತನ್ನ ಸ್ವಭಾವ ಬಿಡದೆ ಅತ್ತಿತ್ತ ತಿರುಗುತ್ತ ಸಾಗಿತು. ಊರೆಲ್ಲ ಹಿಂದೆ ನಡೆಯಿತು. ಆಡುಗಳು ಗೌರವದಿಂದ ದಾರಿ ಬಿಟ್ಟವು. ದಿಬ್ಬ ತಲುಪಿದಾಗ ಆಯಿ ಇಳಿದಳು. ಸಾಹೇಬರು ಏಳಲು ನೋಡಿದರು, ಆಗಲಿಲ್ಲ. ಆ ಚಳಿಗಾಲದ ಬೆಲ್ಲ ವೈಶಾಖದ ಬಿಸಿಲಿಗೆ ಕರಗಿ ಅವರ ಪ್ಯಾಂಟನ್ನು ತನ್ನದಾಗಿಸಿಕೊಂಡಿತ್ತು. ಮರ್ಯಾದೆಗೆ ಅಂಜಿ, ಕುಳಿತೇ ವಿಚಾರಣೆ ನಡೆಸುವುದಾಗಿ ತಿಳಿಸಿದರು.

ಆಯಿ ಅರಮನೆ ತೋರಿಸಿದಳು, ಓಣಿ ತೋರಿಸಿದಳು. ಕೈ ಕಿವಿಯಿಂದ ಇಳಿಯಲೇ ಇಲ್ಲ. ಸಾಹೇಬರು ಎಲ್ಲವನ್ನೂ ಕೇಳಿ ನನ್ನ ಕಡೆ ತಿರುಗಿದರು.

‘ಗ್ರಾಮಸೇವಕರ, ನಿಮ್ಮ ಕಾಗದ ಓದೀನಿ. ನೀವು ಕಲಿತವರು. ಖರೇ ಹೇಳ್ರಿ, ಇಲ್ಲಿ ಊರಿತ್ತs?’

ಚರ್ಚಾಸ್ಪರ್ಧೆಯಲ್ಲಿ ಯಾವ ಪಕ್ಷ ವಹಿಸಬೇಕೆಂದು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಇಲ್ಲಿ ಚೀಟಿಯಿರಲಿಲ್ಲ. ಊರ ಜನ ನನ್ನನ್ನೇ ನೋಡುತ್ತಿದ್ದರು. ಆಯಿ ಮಾತ್ರ ಬಬಲೇಶ್ವರದ ದಾರಿಯ ಕಡೆ ನೋಡುತ್ತಿದ್ದಳು. ನನಗೆ ಘೋಣಸಗಿಯ ಮಗಳ ನೆನಪಾಯಿತು. ಆದರೂ ಬಾಯಿ ತನಗೆ ರೂಢಿಯಾದದ್ದನ್ನೇ ಆಡಿತು.

‘ಇರಲಿಲ್ಲರಿ,’ ಎಂದೆ. ಅಷ್ಟು ಚಿಕ್ಕ ಭಾಷಣವನ್ನು ನಾನು ಅದುವರೆಗೆ ಮಾಡಿರಲಿಲ್ಲ.

ಆಯಿಯ ಕೈ ಕಿವಿಯಿಂದ ಕೆಳಗಿಳಿಯಿತು.

‘ಖರೇ ಐತ್ರಿ ಸಾಹೇಬ್ರ,’ ಎಂದಳು. ‘ನಮ್ಮ ಹುಡುಗ ಸುಳ್ಳು ಹೇಳೂದಿಲ್ಲ. ಅದೊಂದು ಚಟ ಐತಿ ಅವಗ. ಇಲ್ಲಿ ಊರಿರಲಿಲ್ಲ. ಆದ್ರ ಆ ದಂಡಿ ಮ್ಯಾಲ ನೋಡ್ರಿ, ಅಲ್ಲೊಂದು ಊರೈತಿ. ಒಲಿ ಹತ್ತತಾವ, ಕೂಸು ಹುಟ್ಟತಾವ, ಹೆಣ್ಣಮಕ್ಕಳನ್ನ ದೂರ ಕೊಡತೇವಿ. ಆ ಇದ್ದ ಊರಿಗೆ ಬಸ್ ಬೇಕಂತ ಎರಡು ಅರ್ಜಿ ಕೊಟ್ವಿ, ಒಬ್ರೂ ಬರಲಿಲ್ಲ. ಇಲ್ಲದ ಊರು ಬರದು ಕಳಸಿದ್ವಿ, ನೀವು ಜೀಪ್ ತಗೊಂಡು ಬಂದ್ರಿ. ಇದರಾಗ ಸುಳ್ಳು ಯಾರದು, ನೀವs ಹೇಳ್ರಿ.’

ಸಾಹೇಬರು ಎದ್ದು ಹೋಗಬಹುದಾಗಿತ್ತು, ಏಳುವಂತಿದ್ದರೆ. ಕುಳಿತೇ ದಂಡೆಯ ಮೇಲಿನ ಮನೆಗಳನ್ನು ಬಹಳ ಹೊತ್ತು ನೋಡಿದರು. ಕರವಸ್ತ್ರದಿಂದ ಮುಖ ಒರೆಸಿಕೊಂಡರು. ಕಡೆಗೆ, ‘ಆಯಿ, ಕಾಗದದಾಗ ಮಸರು ಐತಿ ಅಂತ ಬರದಿದ್ರಲ್ಲ, ಅದಾದ್ರೂ ಖರೇ ಏನು?’ ಎಂದರು. ಮೊಸರು ಬಂದಿತು. ಅದನ್ನು ಕುಡಿದ ಮೇಲೆ ನಾಲ್ವರು ಸೇರಿ ಅವರನ್ನು ಕೊಪ್ಪರಿಗೆಯಿಂದ ಬಿಡಿಸಿದರು. ಪ್ಯಾಂಟಿನ ಒಂದು ತುಣುಕು ಮಮದಾಪುರದಲ್ಲಿಯೇ ಉಳಿಯಿತು.

ದೀಪಾವಳಿಯ ಹೊತ್ತಿಗೆ ಬಸ್ಸು ಕೆರೆಯ ದಂಡೆಯವರೆಗೆ ಬಂದಿತು. ಮೊದಲ ದಿನವೇ ಆಯಿ ರೊಟ್ಟಿಯ ಗಂಟು ಕಟ್ಟಿಕೊಂಡು ಡ್ರೈವರನ ಹಿಂದಿನ ಸೀಟಿನಲ್ಲಿ ಕುಳಿತಳು. ಕಿಟಕಿಯಿಂದ ತಲೆ ಹಾಕಿ ನನಗೆ ಹೇಳಿದ ಮಾತು ನೆನಪಿದೆ: ‘ಕೊಪ್ಪರಗಿಗಿಂತ ನೆಟ್ಟಗ ಹೊಂಟೈತಿ. ಆದ್ರ ಒಂದs ದಿಕ್ಕು ಕಾಣತೈತಿ.’ ಹೋದವಳು ಮಗಳ ಮನೆಯಲ್ಲಿ ಎರಡು ತಿಂಗಳು ನಿಂತಳು.

ನಾನು ಹೇಳಿದ್ದು ಸತ್ಯ ಎಂಬುದರಲ್ಲಿ ನನಗೆ ಈಗಲೂ ಸಂದೇಹವಿಲ್ಲ. ಆದರೆ ನಾನು ವರ್ಷವಿಡೀ ದಿಬ್ಬವನ್ನು ಅಳೆದೆನೇ ಹೊರತು, ಊರಿನಿಂದ ಬಬಲೇಶ್ವರಕ್ಕಿರುವ ಹಾದಿಯನ್ನು ಒಮ್ಮೆಯೂ ಅಳೆದಿರಲಿಲ್ಲ. ಮುಂದೆ ನಾನು ಹೋದ ಪ್ರತಿ ಹಳ್ಳಿಯಲ್ಲಿಯೂ ಮೊದಲು ಅಳೆದದ್ದು ಹಾದಿಯನ್ನೇ. ಆ ಬುದ್ಧಿ ಆಯಿಯದು.

ಅರವತ್ತರ ದಶಕದ ನಡುವೆ, ನನಗೆ ಬೇರೆ ಊರಿಗೆ ವರ್ಗವಾದ ಮೇಲೆ, ಆಯಿ ಘೋಣಸಗಿಯ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಳೆಂದು ತಿಳಿಯಿತು. ಆ ವರ್ಷದ ಮೃಗಶಿರಾ ಮಳೆಯನ್ನು ಆಕೆ ಕಾಣಲಿಲ್ಲ. ಆಕೆ ತೀರಿಕೊಳ್ಳುವ ಎಂಟು ದಿನ ಮೊದಲು, ಮಮದಾಪುರದಲ್ಲಿ ಒಂದು ರಾತ್ರಿ ತಂಗಿ, ಬೆಳಗಿನ ಬಸ್ಸು ಹಿಡಿದು ನೋಡಲು ಹೋಗಿದ್ದೆ. ದೇಹ ಕುಗ್ಗಿ ಹಾಸಿಗೆಯಲ್ಲಿ ಅಡಗಿತ್ತು, ಕಣ್ಣುಗಳು ಮಾತ್ರ ಚುರುಕಾಗಿದ್ದವು.

‘ಊರಿಂದ ಬಂದೇನು?’

‘ಹೂಂ, ಆಯಿ.’

‘ನೀರು ಬಂದಾವೇನು?’

ಬಸ್ಸಿನ ಕಿಟಕಿಯಿಂದ ಅಂದೇ ಕೆರೆಯನ್ನು ಕಂಡಿದ್ದೆ. ಆಡುಗಳು ನಡುವೆಯೇ ಮೇಯುತ್ತಿದ್ದವು.

‘ಬಂದಾವ, ಆಯಿ,’ ಎಂದೆ. ‘ನಡುಗಡ್ಡಿ ಸುತ್ತ ತುಂಬಿ ನಿಂತಾವ. ಪ್ಯಾಟಿ ನೋಡಾಕ ಭಾಳ ಮಂದಿ ಬಂದಾರ.’

ಆಯಿ ನನ್ನನ್ನೇ ನೋಡಿದಳು. ತುಟಿ ಸ್ವಲ್ಪ ಅರಳಿತು.

‘ಕಿವಿ ಬಿಡೋ ಯಪ್ಪಾ,’ ಎಂದಳು.