ಕ್ಯಾನು ತೊಳೆಯುವುದು ಗೀಳೆನಿಸಲಿಲ್ಲ

ತಪ್ಪು ಸಂಶೋಧಕರದು, ಅದರ ಫಲ ಅನುಭವಿಸುತ್ತಿರುವವರು ಶೀಳನೆರೆ ಹೋಬಳಿಯ ಜಯಮ್ಮ. ತೊಳೆದದ್ದನ್ನೇ ತೊಳೆಯುವ ತೀವ್ರ ಗೀಳು ಕಾಯಿಲೆಗೆಂದು ಅವರ ಮಿದುಳಿನಾಳಕ್ಕೆ ತಂತಿಗಳನ್ನೂ ಎದೆಯ ಚರ್ಮದಡಿ ಒಂದು ಯಂತ್ರವನ್ನೂ ಇರಿಸಲಾಗಿದೆ. ಗೀಳು ಏರಿದಾಗ ಮಿದುಳಿನ ಸಂಕೇತ ಗುರುತಿಸಿ ವಿದ್ಯುತ್ತನ್ನು ತಾನೇ ಹೆಚ್ಚಿಸುವ ಯಂತ್ರವದು. ಜಯಮ್ಮ ಗುಣಮುಖರೆಂದು ಸಂಶೋಧನಾ ತಂಡದ ಮುಖ್ಯಸ್ಥರು ಸಭೆಯೊಂದರಲ್ಲಿ ಸಾರಿದರು. ಅಲ್ಲಿ ಕೇಳುತ್ತ ಕುಳಿತಿದ್ದ ನನಗೆ ನಂಬಿಕೆ ಬರಲಿಲ್ಲ, ನೋಡಿಬರಲು ಹೊರಟೆ.

ಶ್ರೀರಂಗಪಟ್ಟಣದಲ್ಲಿ ಹತ್ತಿದ ಬಸ್ಸಿನಲ್ಲಿ ನಮಗೆ ಹೆಂಗಸರಿಗೆ ಶೂನ್ಯ ದರದ ಟಿಕೆಟ್. ಪಾಂಡವಪುರದಲ್ಲಿ ಇಡ್ಲಿ ತಿಂದು ಬಸ್ಸು ಬದಲಿಸಿದೆ. ಕಬ್ಬಿನ ಟ್ರಾಕ್ಟರುಗಳ ಹಿಂದೆ ತೆವಳುತ್ತ ಕೆ.ಆರ್. ಪೇಟೆ ತಲುಪಿದಾಗ ಬಿಸಿಲು ನೆತ್ತಿಗೇರಿತ್ತು. ಅಲ್ಲಿಂದ ಮುಂದಕ್ಕೆ ಆಟೊ.

ಜಯಮ್ಮ ಕೊಟ್ಟಿಗೆಯ ಬಾಗಿಲಲ್ಲಿ ಹಾಲಿನ ಕ್ಯಾನು ಉಜ್ಜುತ್ತಿದ್ದರು. ಅದು ಆಗಲೇ ಹೊಳೆಯುತ್ತಿತ್ತು. ಅವರ ಅಂಗೈ ಬಿರಿದು ರಕ್ತ ಒಸರುತ್ತಿತ್ತು.

"ಕುತ್ಕೊಳಿ ಅಕ್ಕಾವ್ರೆ, ಬತ್ತಾಳೆ," ಎಂದರು ಗಂಡ ಸಿದ್ದೇಗೌಡರು. "ಡೇರೀಲಿ ನಮ್ಮಾಲು ಒಂದಿನಾನೂ ವಾಪಸ್ ಬಂದಿಲ್ಲ, ಗೊತ್ತಾ?"

ತಂಡದವರು ಯಂತ್ರ ಹೊಂದಿಸುವಾಗ ಫೋನಿನಲ್ಲಿ ಏನು ಕೇಳುತ್ತಿದ್ದರೆಂದು ಗೌಡರನ್ನು ವಿಚಾರಿಸಿದೆ.

"ಯಾವೊತ್ನಲ್ಲಿ ಗೀಳು ಜಾಸ್ತಿ ಅಂತ. ಕೈ ತೊಳೆಯೋದ್ನ ಏಳ್ತಿದ್ದೆ. ಕ್ಯಾನು ತೊಳೆಯೋದು ಕೆಲ್ಸ ಅಲ್ವಾ? ಅದ್ಯಾಕೆ ಸೇರಿಸ್ಲಿ?"

"ಈವಯ್ಯಂಗೆ ಎಂಡ್ತಿಗಿಂತ ಡೇರಿ ಸೆಕ್ರೆಟ್ರಿ ಒಗಳೋದೇ ಎಚ್ಚು," ಎಂದರು ಜಯಮ್ಮ, ಕೈ ನಿಲ್ಲಿಸದೆ. "ನನ್ನ ಯಾರ್ ಕೇಳುದ್ರು? ಕೈ ತೊಳೆಯೋದು ಬುಟ್ಟೋಯ್ತು ಕಣಕ್ಕ. ಅದೆಲ್ಲಾ ಬಂದು ಕ್ಯಾನ್ಗೆ ಸೇರ್ಕತು."

ಗಂಡನ ಮಾತನ್ನೇ ನಂಬಿ, ಕ್ಯಾನಿನ ಮುಂದೆ ಕುಳಿತ ಹೊತ್ತಿನ ಮಿದುಳಿನ ಸಂಕೇತಗಳನ್ನೆಲ್ಲ ನೆಮ್ಮದಿಯವೆಂದು ಯಂತ್ರಕ್ಕೆ ಕಲಿಸಲಾಗಿತ್ತು. ಹೀಗಾಗಿ ಗೀಳು ಉಕ್ಕುವ ವೇಳೆಯಲ್ಲೇ ಅದು ಸುಮ್ಮನಿರುತ್ತದೆ. ಅದನ್ನು ತಿದ್ದುವ ಉಪಕರಣ ತಂಡದ ಕೈಯಲ್ಲಿದೆ. ಯೋಜನೆ ಮುಗಿದ ಮೇಲೆ ತಂಡ ಇವರ ಫೋನ್ ಎತ್ತುವುದಿಲ್ಲ.

ಸಿದ್ದೇಗೌಡರು ತಲೆ ತಗ್ಗಿಸಿದರು. "ಅಂಗಾರೆ ನಾನೇ ಕೆಡಿಸ್ಬುಟ್ನಾ?"

"ಇಲ್ಲ ಗೌಡ್ರೆ. ಕೊಟ್ಟಿಗೆಗೆ ಬಂದು ನೋಡಬೇಕಾಗಿದ್ದವರು ಆ ತಂಡದವರು," ಎಂದೆ.

ಗೌಡರು ಎದ್ದುಹೋಗಿ ಹೆಂಡತಿಯ ಕೈಯಿಂದ ಕ್ಯಾನನ್ನು ಮೆಲ್ಲಗೆ ತೆಗೆದುಕೊಂಡರು. ಆಟೊ ತಿರುಗುವಾಗ ಹಿಂತಿರುಗಿ ನೋಡಿದೆ. ಜಯಮ್ಮ ಮತ್ತೊಂದು ಕ್ಯಾನು ಎಳೆದುಕೊಂಡಿದ್ದರು.

ತಂಡದ ಮುಖ್ಯಸ್ಥರೇ, ಹಾಲು ಕರೆಯುವ ಹೊತ್ತಿಗೆ ಆ ಉಪಕರಣದೊಂದಿಗೆ ಈ ಕೊಟ್ಟಿಗೆಗೆ ಬನ್ನಿ. ಜಯಮ್ಮನವರನ್ನೇ ಕೇಳಿ ಯಂತ್ರವನ್ನು ಹೊಸದಾಗಿ ಹೊಂದಿಸಿ. ಅದು ಅವರ ಎದೆಯಲ್ಲಿರುವಷ್ಟು ಕಾಲ ಹೊಣೆ ನಿಮ್ಮದೆಂದು ಒಪ್ಪಿಕೊಳ್ಳಿ. 'ಗುಣಮುಖ' ಎಂದಿರಲ್ಲ, ಆ ಮಾತನ್ನು ಅವರ ಅಂಗೈ ನೋಡಿಕೊಂಡು ಹಿಂಪಡೆಯಿರಿ.