ಸಹಿಯಾಗದ ತೀರ್ಪು

ಕೋರ್ಟಿನಲ್ಲಿ ಅವಳನ್ನು ಎಲ್ಲರೂ ಸ್ಟೆನೋ ಅಕ್ಕ ಎನ್ನುತ್ತಿದ್ದರು. ಜಡ್ಜ್ ಹೇಳಿದ್ದನ್ನು ಶೀಘ್ರಲಿಪಿಯಲ್ಲಿ ಬರೆದುಕೊಂಡು, ಟೈಪು ಮಾಡಿ, ಸಹಿಗೆ ಇಡುವುದು ಅವಳ ಇಪ್ಪತ್ತೆರಡು ವರ್ಷಗಳ ಕೆಲಸ. ಒಂದು ತೀರ್ಪಿನ ಬಗ್ಗೆಯೂ ಹೊರಗೆ ಬಾಯಿಬಿಟ್ಟವಳಲ್ಲ. "ನಿನ್ನ ಹೊಟ್ಟೇಲಿ ಒಂದು ರೆಕಾರ್ಡ್ ರೂಮೇ ಇದೆ ಕಣೇ" ಎಂದು ಅವಳ ಒಡಹುಟ್ಟಿದ ಅಕ್ಕ ಛೇಡಿಸುತ್ತಿದ್ದಳು.

ಅಕ್ಕನ ಗಂಡ ಬಸ್ ನಿಲ್ದಾಣದ ಗೋಡೆಗೆ ಒತ್ತಿಕೊಂಡ ಮರದ ಗೂಡಂಗಡಿಯಲ್ಲಿ ಬೀಗ ರಿಪೇರಿ ಮಾಡುತ್ತಿದ್ದ. ಅಂಥ ಮೂವತ್ತೊಂದು ಅಂಗಡಿಗಳನ್ನು ಎತ್ತಿಸಿ ಕಾರು ನಿಲ್ಲಿಸಲು ಜಾಗ ಮಾಡುತ್ತೇವೆಂದು ನಗರಸಭೆ ನೋಟಿಸು ಕೊಟ್ಟಿತು. ಬೇರೆ ಜಾಗ ತೋರಿಸಿಯೇ ಎಬ್ಬಿಸಬಹುದೆಂದು ಕಾನೂನಿನಲ್ಲೇ ಇದ್ದದ್ದರಿಂದ ಅಂಗಡಿಯವರು ಕೋರ್ಟಿಗೆ ಹೋದರು. ಕೇಸು ಬಂದದ್ದು ಅವಳ ಕೋರ್ಟಿಗೇ.

ಅವಳು ಜಡ್ಜ್ ಮುಂದೆ ನಿಂತು, "ಅದರಲ್ಲಿ ನಮ್ಮ ಭಾವನೂ ಒಬ್ಬರು ಸಾರ್" ಎಂದಳು.

"ಹೇಳಿದ್ದು ಒಳ್ಳೇದಾಯ್ತು. ಆದ್ರೆ ನೀವು ಬರೆಯೋದು ನನ್ನ ಮಾತು, ನಿಮ್ಮದಲ್ಲವಲ್ಲ" ಎಂದರು ವಯಸ್ಸಾದ ಆ ಜಡ್ಜ್.

ಒಂದು ಬುಧವಾರ ಅವರು ತೀರ್ಪು ಹೇಳಿ ಬರೆಸಿದರು. ಬದಲಿ ಜಾಗ ಕೊಡುವವರೆಗೆ ಒಂದು ಹಲಗೆಯನ್ನೂ ಮುಟ್ಟಕೂಡದು ಎಂದಿತ್ತು. ಸೋಮವಾರ ಓದಿ ಸಹಿ ಹಾಕುವುದೆಂದಾಯಿತು. ಮುಂದಿನ ಎರಡು ದಿನ ಭಾವನ ಮುಖ ನೋಡಿದಾಗಲೆಲ್ಲ ಅವಳಿಗೆ ನಗು ತಡೆಯುವುದೇ ಕಷ್ಟವಾಗಿತ್ತು.

ಗುರುವಾರ ಮಂತ್ರಿಯೊಬ್ಬರು ಆ ಗೋಡೆಯ ಮುಂದೆಯೇ ನಿಂತು, ಕೋರ್ಟುಗಳು ಅಭಿವೃದ್ಧಿಗೆ ಅಡ್ಡಗಾಲು ಹಾಕುತ್ತಿವೆ ಎಂದು ಭಾಷಣ ಮಾಡಿದರು. ಶನಿವಾರ ಜಡ್ಜ್ ಅವರಿಗೆ ವರ್ಗಾವಣೆಯ ಆದೇಶ ಬಂತು, ಕೂಡಲೇ ಹೊರಡಬೇಕೆಂದು. ಎರಡಕ್ಕೂ ಸಂಬಂಧ ಇದೆಯೆಂದು ಯಾರೂ ಬರೆದುಕೊಡಲಿಲ್ಲ.

ಟೈಪಾದ ಹಾಳೆಗಳನ್ನು ಹಿಡಿದುಕೊಂಡು ಅವಳು ಹೆಡ್ ಗುಮಾಸ್ತರ ಬಳಿ ಹೋದಳು.

"ಸಹಿ ಇಲ್ವಲ್ಲಮ್ಮ" ಎಂದರು ಅವರು, ಕನ್ನಡಕ ತೆಗೆಯುತ್ತ. "ಸಹಿ ಇಲ್ಲದ್ದು ತೀರ್ಪಲ್ಲ, ಬರೀ ಕಾಗದ. ಹರಿದು ಹಾಕು. ಯಾರಿಗಾದ್ರೂ ತೋರಿಸಿದ್ರೆ ನಿನ್ನ ಕೆಲಸಕ್ಕೇ ಸಂಚಕಾರ."

ಅವಳು ಹರಿದು ಹಾಕಿದಳು.

ಹೊಸ ಜಡ್ಜ್ ಬರಲು ಮೂರು ತಿಂಗಳಾಯಿತು. ಅಷ್ಟರಲ್ಲಿ ಕಾನೂನಿಗೆ ತಿದ್ದುಪಡಿಯೂ ಬಂತು. ಗೆಜೆಟ್ ಪ್ರತಿಯನ್ನು ಅವಳೇ ಫೈಲಿಗೆ ಸೇರಿಸಬೇಕಾಗಿತ್ತು. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. "ಬೇರೆ ಜಾಗ ತೋರಿಸಿಯೇ" ಎಂಬ ಮೂರು ಪದಗಳಷ್ಟೇ ಮಾಯವಾಗಿದ್ದವು.

ಹೊಸ ಜಡ್ಜ್ ಹೆಂಗಸು, ಕೆಟ್ಟವರೇನಲ್ಲ. ಅರ್ಜಿ ವಜಾ ಎಂದು ಬರೆಸುವಾಗ ಸ್ಟೆನೋ ಅಕ್ಕನ ಪೆನ್ಸಿಲ್ ನಿಂತಿತು.

"ಯಾಕಮ್ಮ?"

"ಏನಿಲ್ಲ ಮೇಡಂ."

ಅವರಿಗೆ ಅರ್ಥವಾಯಿತೇನೋ. "ಕಾನೂನಲ್ಲೇ ಇಲ್ಲದ್ದನ್ನ ನಾನೆಲ್ಲಿಂದ ತರಲಿ, ಹೇಳಿ?" ಎಂದು ಕಿಟಕಿಯತ್ತ ನೋಡಿದರು. ಆಮೇಲೆ ಮುಂದಿನ ಸಾಲು ಹೇಳಿದರು. ಅವಳು ಬರೆದಳು. ಒಂದೇ ಒಂದು ತಪ್ಪಿಲ್ಲದೆ ಟೈಪು ಮಾಡಿ ಸಹಿಗೆ ಇಟ್ಟಳು.

ಅಂಗಡಿಗಳನ್ನು ಎತ್ತಿದ್ದು ಒಂದು ಮಧ್ಯಾಹ್ನ. ಭಾವ ಕೀಲಿಕೈ ಕೊರೆಯುವ ಯಂತ್ರವನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಮನೆಗೆ ಬಂದ. ಈಗ ಸೈಕಲ್ ಮೇಲೆ ಬೀದಿಬೀದಿ ಸುತ್ತುತ್ತಾನೆ. ಮೊಣಕಾಲು ಮಾತು ಕೇಳದ ದಿನ ಸುಮ್ಮನೆ ಕೂರುತ್ತಾನೆ.

ಅಂಥ ಒಂದು ದಿನ ಅವನು ಕೇಳಿದ: "ಆ ಹಳೇ ಸಾಹೇಬರೇ ಇದ್ದಿದ್ರೆ ನಮ್ಮ ಕಡೆ ಆಗ್ತಿತ್ತೇನಮ್ಮ? ನಿನಗೆ ಗೊತ್ತಿರಬೇಕಲ್ಲ."

ಅಕ್ಕನೂ ಕೆಲಸ ನಿಲ್ಲಿಸಿ ಅವಳ ಮುಖವನ್ನೇ ನೋಡುತ್ತಿದ್ದಳು.

"ಗೊತ್ತಿಲ್ಲ ಭಾವ" ಎಂದಳು. "ಅವರು ಏನೂ ಬರೆಸಿರಲಿಲ್ಲ."