ಹೆಣ್ಣುಮಕ್ಕಳ ವಂಶಾವಳಿ

ಎಪ್ಪತ್ತರ ದಶಕದಲ್ಲಿ ನಾನು ಹೊಸದುರ್ಗದ ಸಂಸ್ಕೃತ ಪಾಠಶಾಲೆಯಲ್ಲಿ ಉಪಾಧ್ಯಾಯನಾಗಿದ್ದೆ. ಭಗವಂತನ ಕೃಪೆಯಿಂದ ಊಟಕ್ಕೆ ಕೊರತೆಯಿರಲಿಲ್ಲ. ಆದರೆ ಸಂಬಳದ ಬಹುಭಾಗವನ್ನು ಎಂಟು ವರ್ಷದ ಮಗನ ಮೊಣಕಾಲೇ ನುಂಗುತ್ತಿತ್ತು. ಹೊಸ್ತಿಲು ತಾಗಿದರೂ ಅದು ತೆಂಗಿನಕಾಯಿಯಂತೆ ಊದುವುದು. ಸೋಡಾ ಅಂಗಡಿಯ ಮಂಜುಗಡ್ಡೆ, ಬಾಡಿಗೆ ಕಾರು, ಚಿತ್ರದುರ್ಗದ ಆಸ್ಪತ್ರೆ, ಅವನಿಗೆ ಹದಿನೈದು ದಿನ ಹಾಸಿಗೆ, ನನಗೆ ಸಂಬಳವಿಲ್ಲದ ರಜೆ. ಗ್ರಹಶಾಂತಿಯನ್ನೂ ಮಾಡಿಸಿದ್ದೆ, ಆ ಖರ್ಚನ್ನು ಇಂದಿಗೂ ವ್ಯರ್ಥವೆನ್ನಲಾರೆ, ಮನಸ್ಸಿಗೆ ಧೈರ್ಯ ಬಂದಿತ್ತು.

ಒಂದು ವರ್ಷ ಅವನ ದವಡೆಯ ಹಲ್ಲು ಹುಳುಕಾಯಿತು. ಸಂತೆಯ ಬಳಿ ಹಲ್ಲು ಕೀಳುವವನಿಗೆ ಸೋಮವಾರ ಬರುತ್ತೇವೆಂದು ಹೇಳಿಟ್ಟಿದ್ದೆ. ಅಷ್ಟರಲ್ಲಿ ಮೊಣಕಾಲು ಊದಿ ಚಿತ್ರದುರ್ಗಕ್ಕೆ ಓಡಬೇಕಾಯಿತು. ಹೊಸದಾಗಿ ಬಂದಿದ್ದ ತರುಣ ವೈದ್ಯರು ಹಲ್ಲಿನ ಮಾತು ಕೇಳಿ ಗಾಬರಿಯಾದರು. "ಬೇಡ, ತಡೀರಿ! ಮೊಣಕಾಲೊಳಗೆ ರಕ್ತ ಸೋರಿ ಊದೈತೆ. ನಿಮ್ಮ ವಂಶದಲ್ಲಿ ಹೀಗೆ ರಕ್ತ ನಿಲ್ಲದವರು ಇದ್ರಾ? ವಿಚಾರಿಸಿ ಬರ್ರಿ" ಎಂದು ಮಗನನ್ನು ವಾರ್ಡಿನಲ್ಲಿ ಮಲಗಿಸಿಕೊಂಡರು.

ಚಿಂತೆಯ ನಡುವೆಯೂ ಆ ಪ್ರಶ್ನೆಗೆ ನಾನು ಹಿಗ್ಗಿದೆ. ಊರಿಗೆ ಹೋಗಿ, ಪೂಜೆ ಮುಗಿಸಿ, ಏಳು ತಲೆಮಾರಿನ ಪುರುಷರ ಹೆಸರುಗಳನ್ನು ಗೋತ್ರಸಹಿತ ಮುತ್ತಿನಂಥ ಅಕ್ಷರಗಳಲ್ಲಿ ಬರೆದು ತಂದು, ವೈದ್ಯರೆದುರು ಸ್ವರಬದ್ಧವಾಗಿ ಓದಿದೆ. ಅವರು ಐದನೆಯ ತಲೆಮಾರಿನವರೆಗೆ ತಾಳಿಕೊಂಡರು.

"ಶಾಸ್ತ್ರಿಗಳೇ, ಬಲು ಚೆನ್ನಾಗೈತೆ. ಆದ್ರೆ ಇದು ತಾಯಿ ಕಡೆಯಿಂದ ಬರೋ ಕಾಯಿಲೆ ಅನ್ಸುತ್ತೆ. ಆ ಕಡೆಯವರ್ನ ಹೇಳ್ರಿ."

ನಾನು ಹಾಳೆ ಮಡಿಸಿಕೊಂಡೆ. ಹೆಂಡತಿಯ ಅಜ್ಜಿಯ ಹೆಸರೂ ನನಗೆ ತಿಳಿಯದು. ಬುತ್ತಿ ತಂದು ಬಾಗಿಲ ಬಳಿ ಕುಳಿತಿದ್ದ, ಅಕ್ಷರ ಕಲಿಯದ ನನ್ನ ಅತ್ತೆ ಎದ್ದು ಬಂದರು.

"ಅಳಿಯಂದ್ರು ದಣಿದವ್ರೆ, ನಾನು ಹೇಳ್ತೀನಿ ಬರ್ಕಳಪ್ಪ. ನಮ್ಮವ್ವನ ತಮ್ಮ ಹಲ್ಲು ಕೀಳಿಸ್ಕಂಡು ಮೂರನೇ ದಿನಕ್ಕೆ ತೀರ್ಕಂಡ. ನಮ್ಮಕ್ಕನ ಮಗಂಗೂ ಇದೇ ಮೊಣಕಾಲು. ಹಿರಿಯೂರು ಕಡೆ ಯಲ್ಲದಕೆರೆಗೆ ಕೊಟ್ಟಿರೋ ಅಕ್ಕನ ಮಗಳ ಹುಡ್ಗಂಗೆ ಮೂಗಲ್ಲಿ ರಕ್ತ. ಭರಮಸಾಗರದಲ್ಲಿರೋ ಅಕ್ಕನ ಇನ್ನೊಬ್ಬ ಮಗಳ ಗಂಡು ಕೂಸಿಗೆ ಮುಟ್ಟಿದ್ರೆ ಮೈಯೆಲ್ಲ ನೀಲಿ."

ವೈದ್ಯರು ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ ಬರೆದು ಗೆರೆ ಕೂಡಿಸುತ್ತಿದ್ದರು. ಅತ್ತೆ ಬಗ್ಗಿ ನೋಡಿದರು.

"ರಂಗೋಲಿ ಹಾಕ್ತೀಯೇನಪ್ಪ? ನಮ್ಮಕ್ಕಂಗೆ ಇಬ್ರು ಹೆಣ್ಮಕ್ಳು, ಒಂದು ಸೊನ್ನೆ ಬಿಟ್ಟಿದೀಯ."

ವೈದ್ಯರು ನಕ್ಕು ಸೇರಿಸಿದರು. "ಇದು ಹಿಮೋಫಿಲಿಯಾ ಇರಬೇಕು ಅಜ್ಜಿ, ರಕ್ತ ಹೆಪ್ಪುಗಟ್ಟದ ಕಾಯಿಲೆ. ಬಲು ಅಪರೂಪದ್ದು."

"ಅಪರೂಪ ಏನ್ಬಂತು, ನಮ್ಮನೇಲೇ ಐದು ಜನ ಆದ್ರಲ್ಲ!" ಎಂದವರು ಮರುಕ್ಷಣ ದನಿ ತಗ್ಗಿಸಿದರು. "ಹಂಗಾದ್ರೆ ತಪ್ಪು ಹೆಣ್ಮಕ್ಕಳದೇನಪ್ಪ?"

"ತಪ್ಪು ಯಾರ್ದೂ ಅಲ್ಲ. ನೀವು ಹೇಳಿದ್ದಕ್ಕೆ ಮೊಮ್ಮಗ ಸಂತೆಯಲ್ಲಿ ಹಲ್ಲು ಕೀಳಿಸ್ಕಳ್ಳೋದು ತಪ್ತು."

ತಾಜಾ ರಕ್ತವನ್ನು ಸಿದ್ಧವಾಗಿಟ್ಟುಕೊಂಡು ಆಸ್ಪತ್ರೆಯಲ್ಲೇ ಹಲ್ಲು ಕಿತ್ತರು. ಆ ತಿಂಗಳಷ್ಟು ಖರ್ಚು ಹಿಂದೆಂದೂ ಆಗಿರಲಿಲ್ಲ. ಆದರೆ ಯಾತಕ್ಕೆ ಖರ್ಚು ಮಾಡುತ್ತಿದ್ದೇನೆಂದು ತಿಳಿದು ಮಾಡಿದ್ದು ಅದೇ ಮೊದಲು. ಐದನೆಯ ದಿನ ಮಗ, ಗಂಜಿ ಬೇಡ, ರೊಟ್ಟಿಯೇ ಬೇಕೆಂದು ಹಟ ಹಿಡಿದ. ಅಷ್ಟು ಸಾಕಾಯಿತು ಅತ್ತೆಗೆ. ಕೈಚೀಲ ಹಿಡಿದು ಹಿರಿಯೂರಿನ ಬಸ್ಸಿಗೆ ಹೊರಟೇಬಿಟ್ಟರು. ನಾಳೆ ಹೋಗಬಹುದಲ್ಲ, ಒಂದು ದಿನ ಸುಧಾರಿಸಿಕೊಳ್ಳಿ ಎಂದೆ.

"ಆಗಕಿಲ್ರಿ. ಯಲ್ಲದಕೆರೆ ಹುಡ್ಗನ ಮುಂದಿನ ಹಲ್ಲು ಅಲ್ಲಾಡ್ತೈತಂತೆ. ಅವರಪ್ಪ ದಾರ ಕಟ್ಟಿ ಎಳೆಯೋ ಮೊದ್ಲು ನಾನು ಅಲ್ಲಿರ್ಬೇಕು."